ಕೆಳರೆಪ್ಪೆಯ ಅರ್ಧಕ್ಕಿಂತ ಹೆಚ್ಚು ತೆಗೆದರೆ ಮತ್ತೆ ಕಟ್ಟುವುದು ಹೇಗೆ? ಕಣ್ಣು ಮುಚ್ಚಿಯೇ ಇಡಬೇಕೇ?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರದ ಹಳ್ಳಿ. ಅಮ್ಮನಿಗೆ 62 ವರ್ಷ. ಬೀಡಿ ಕಟ್ಟುತ್ತಾರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದೂವರೆ ವರ್ಷದ ಹಿಂದೆ ಬಲಗಣ್ಣಿನ ಕೆಳರೆಪ್ಪೆಯಲ್ಲಿ ಕುರುವಿನ ಹಾಗೆ ಗಂಟು ಎದ್ದಿತು. ಎರಡು ಸಲ ಕೊಯ್ದು ತೆಗೆದರೂ ಅದೇ ಜಾಗದಲ್ಲಿ ಮತ್ತೆ ಬಂತು, ಅಲ್ಲಿನ ರೆಪ್ಪೆಗೂದಲೂ ಉದುರಿತು. ಈಗ ಬಯಾಪ್ಸಿಯಲ್ಲಿ ‘ಸೆಬೇಷಿಯಸ್ ಗ್ಲ್ಯಾಂಡ್ ಕಾರ್ಸಿನೋಮ’ ಎಂದು ಬಂದಿದೆ. ಗಂಟು 8 ಮಿ.ಮೀ. ಇದೆಯಂತೆ. ರೆಪ್ಪೆಯ ಅರ್ಧಕ್ಕಿಂತ ಹೆಚ್ಚು ತೆಗೆಯಬೇಕು, ಮೇಲಿನ ರೆಪ್ಪೆಯ ಒಳಗಿನ ಭಾಗವನ್ನು ಕೆಳಗೆ ತಂದು ಜೋಡಿಸಬೇಕು, ಐದಾರು ವಾರ ಆ ಕಣ್ಣು ಮುಚ್ಚಿರುತ್ತದೆ, ಆಮೇಲೆ ಇನ್ನೊಂದು ಆಪರೇಷನ್ ಎಂದಿದ್ದಾರೆ. ಅಮ್ಮನಿಗೆ ಎಡಗಣ್ಣು ಮೊದಲಿನಿಂದಲೂ ಸರಿಯಾಗಿ ಕಾಣುವುದಿಲ್ಲ. ಇಷ್ಟು ಸಣ್ಣ ಗಂಟಿಗೆ ಅಷ್ಟು ದೊಡ್ಡ ಭಾಗ ತೆಗೆಯಬೇಕೇ? ಕತ್ತಿ ಹಾಕಿದರೆ ಹರಡುತ್ತದೆ ಎನ್ನುತ್ತಾರೆ ಮನೆಯವರು. ರೇಡಿಯೇಷನ್ ಸಾಲದೇ? ಕಣ್ಣುದಾನದಲ್ಲಿ ಬಂದ ರೆಪ್ಪೆ ಹಾಕಬಹುದೇ? ಅಮ್ಮ ಮತ್ತೆ ಬೀಡಿ ಕಟ್ಟಲು ಕೂರಬಹುದೇ?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಆತಂಕ ಒಂದೇ ಎಂದು ಅರ್ಥವಾಗುತ್ತದೆ. ಅಮ್ಮನಿಗೆ ಕಾಣುವುದೇ ಒಂದು ಕಣ್ಣಿನಲ್ಲಿ, ಅದನ್ನೂ ತಿಂಗಳಿಗೂ ಹೆಚ್ಚು ಮುಚ್ಚಿಟ್ಟರೆ ಅವರ ದಿನ ಕಳೆಯುವುದು ಹೇಗೆ? ಕಣ್ಣು ಮುಚ್ಚದೆ ರೆಪ್ಪೆ ಕಟ್ಟುವ ದಾರಿಗಳೂ ಇವೆ, ಪ್ರತಿಯೊಂದಕ್ಕೂ ಅದರದೇ ತೊಂದರೆಯೂ ಇದೆ. ಆದರೆ ಅದಕ್ಕೂ ಮೊದಲು ನೀವು ಕೇಳಿ ತಿಳಿಯಬೇಕಾದದ್ದು ಇನ್ನೊಂದಿದೆ: ಗಡ್ಡೆ ಬುಡಸಮೇತ ಹೋಗಿದೆ ಎಂದು ಹೊಸ ರೆಪ್ಪೆ ಕಟ್ಟುವ ಮುಂಚೆಯೇ ಖಚಿತಪಡಿಸಿಕೊಳ್ಳುತ್ತಾರೆಯೇ? ಬೇರು ಉಳಿದ ಜಾಗದ ಮೇಲೆ ಎಷ್ಟು ಅಂದವಾಗಿ ರೆಪ್ಪೆ ಕಟ್ಟಿದರೂ ಅದನ್ನು ಮತ್ತೆ ಬಿಚ್ಚಬೇಕಾಗುತ್ತದೆ, ಆಗ ಎರಡನೇ ಸಲ ಕಟ್ಟಲು ಬೇಕಾದ ಚರ್ಮವಾಗಲಿ ಒಳಪದರವಾಗಲಿ ಉಳಿದಿರುವುದಿಲ್ಲ.

ರೆಪ್ಪೆಯ ಅಂಚಿನೊಳಗೆ ಮೈಬೋಮಿಯನ್ ಎಂಬ ಎಣ್ಣೆಗ್ರಂಥಿಗಳು ಸಾಲಾಗಿ ನಿಂತಿವೆ, ಕೆಳರೆಪ್ಪೆಯಲ್ಲಿ ಸುಮಾರು ಇಪ್ಪತ್ತರಿಂದ ಮೂವತ್ತು. ಅವುಗಳ ಎಣ್ಣೆ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಒಂದು ಗ್ರಂಥಿಯ ಬಾಯಿ ಕಟ್ಟಿದರೆ ಬರುವುದು ಸಾಮಾನ್ಯ ಗಂಟು. ವೈದ್ಯರು ಅದನ್ನು ಕಲೇಜಿಯನ್ ಎನ್ನುತ್ತಾರೆ. ಅದೇ ಗ್ರಂಥಿಯ ಜೀವಕೋಶಗಳು ಹತೋಟಿ ಮೀರಿ ಬೆಳೆದರೆ ನಿಮ್ಮ ತಾಯಿಯವರಿಗೆ ಬಂದ ಕ್ಯಾನ್ಸರ್. ಶುರುವಿನಲ್ಲಿ ಎರಡೂ ನೋಡಲು ಒಂದೇ ಥರ, ಹಾಗಾಗಿಯೇ ಇದು ತಿಂಗಳುಗಟ್ಟಲೆ ಕಣ್ತಪ್ಪಿಸಿಕೊಂಡಿರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ರೆಪ್ಪೆಯ ಕ್ಯಾನ್ಸರ್ ಎಂದರೆ ಹತ್ತಕ್ಕೆ ಒಂಬತ್ತು ಬೇಸಲ್ ಸೆಲ್ ಕಾರ್ಸಿನೋಮ, ಅದು ಬಹುತೇಕ ಇದ್ದಲ್ಲೇ ಬೆಳೆಯುವಂಥದ್ದು. ನಮ್ಮ ದೇಶದಲ್ಲಿ ಸೆಬೇಷಿಯಸ್, ಅಂದರೆ ಎಣ್ಣೆಗ್ರಂಥಿಯ, ಬಗೆಯ ಪಾಲು ಅಲ್ಲಿಗಿಂತ ಬಹಳ ಹೆಚ್ಚು. ಆದ್ದರಿಂದ ನಡುವಯಸ್ಸು ದಾಟಿದವರಿಗೆ ಒಂದೇ ಜಾಗದಲ್ಲಿ ಮತ್ತೆ ಗಂಟು ಬಂದರೆ, ಅಥವಾ ಗಂಟಿನ ಮೇಲಿನ ರೆಪ್ಪೆಗೂದಲು ಉದುರಿದರೆ, ಕೊಯ್ದು ತೆಗೆದದ್ದನ್ನು ಬಿಸಾಡದೆ ಬಯಾಪ್ಸಿಗೆ ಕಳಿಸಲೇಬೇಕು. ನಿಮ್ಮ ತಾಯಿಯವರ ಮೊದಲೆರಡು ಸಲದ ತುಣುಕು ಎಲ್ಲಾದರೂ ಉಳಿದಿದೆಯೇ ವಿಚಾರಿಸಿ. ಇರಲಿ ಇಲ್ಲದಿರಲಿ, ಈಗಿನ ಬಯಾಪ್ಸಿಯ ಸ್ಲೈಡ್ ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಮುಂದೆ ಎಲ್ಲಿ ತೋರಿಸಿದರೂ ಅವು ಬೇಕು. ಈ ಗಡ್ಡೆಯನ್ನು ಬೇರೆ ಬಗೆಯದೆಂದು ಓದುವ ಸಾಧ್ಯತೆ ಇರುವುದರಿಂದ ಇನ್ನೊಬ್ಬ ಪೆಥಾಲಜಿಸ್ಟ್ (ತುಣುಕನ್ನು ಪರೀಕ್ಷಿಸುವ ವೈದ್ಯರು) ನೋಡುವುದು ಒಳ್ಳೆಯದು.

ಸಣ್ಣ ಗಂಟಿಗೆ ದೊಡ್ಡ ಭಾಗ ಏಕೆ ಎಂಬುದು ನೇರ ಲೆಕ್ಕ. ಕಣ್ಣಿಗೆ ಕಾಣುವ ಗಡ್ಡೆ 8 ಮಿ.ಮೀ. ಈ ಬಗೆಯ ಕ್ಯಾನ್ಸರ್‌ಗೆ ಸುತ್ತ 5 ಮಿ.ಮೀ.ನಷ್ಟು ಚೆನ್ನಾಗಿ ಕಾಣುವ ಭಾಗವನ್ನೂ ಸೇರಿಸಿ ತೆಗೆಯುವುದು ವಾಡಿಕೆ. ಎರಡೂ ಬದಿ ಸೇರಿ 18 ಮಿ.ಮೀ. ಆಯಿತು. ಇಡೀ ರೆಪ್ಪೆಯ ಉದ್ದವೇ ಸುಮಾರು 30 ಮಿ.ಮೀ. ಅಂದರೆ ನೂರಕ್ಕೆ ಅರವತ್ತು ಪಾಲು ಹೋಗುತ್ತದೆ. ಬೇಸಲ್ ಸೆಲ್ ಆಗಿದ್ದರೆ 3–4 ಮಿ.ಮೀ. ಸಾಕಾಗುತ್ತಿತ್ತು. ಇದಕ್ಕೆ ಹೆಚ್ಚು ಬೇಕಾಗುವ ಕಾರಣ, ಇದರ ಜೀವಕೋಶಗಳು ರೆಪ್ಪೆಯ ಒಳಪದರದ ಮೇಲ್ಮೈಯಲ್ಲಿ ಗಂಟು ಕಟ್ಟದೆ ತೆಳ್ಳಗೆ ಹರಿದಾಡುತ್ತವೆ, ಕೆಲವೊಮ್ಮೆ ನಡುವೆ ಚೆನ್ನಾಗಿರುವ ಜಾಗ ಬಿಟ್ಟು ಆಚೆಗೂ ಹೋಗಿರುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಕೆಂಪಾಗಿದೆ ಎಂದಷ್ಟೇ ಅನ್ನಿಸುತ್ತದೆ. ಆದ್ದರಿಂದ ಕಣ್ಣಿನ ಒಳಪದರದ ಹಲವು ಕಡೆಯಿಂದ, ಮೇಲಿನ ರೆಪ್ಪೆಯ ಒಳಗಿನಿಂದಲೂ, ಅಕ್ಕಿಕಾಳಿಗಿಂತ ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳಿಸುವ ಪದ್ಧತಿಯಿದೆ. ಮ್ಯಾಪ್ ಬಯಾಪ್ಸಿ ಎನ್ನುತ್ತಾರೆ. ನಿಮ್ಮ ತಾಯಿಯವರ ವಿಷಯದಲ್ಲಿ ಇದಕ್ಕೆ ವಿಶೇಷ ತೂಕವಿದೆ: ಮೇಲಿನ ರೆಪ್ಪೆಯಿಂದ ತಂದು ಕೆಳರೆಪ್ಪೆ ಕಟ್ಟುವುದಾದರೆ, ಆ ಮೇಲಿನ ರೆಪ್ಪೆಯಲ್ಲಿ ರೋಗವಿಲ್ಲ ಎಂಬುದು ಮೊದಲು ಗೊತ್ತಾಗಬೇಕು.

ಕತ್ತಿ ಹಾಕಿದರೆ ಹರಡುತ್ತದೆ ಎಂಬ ಮಾತು ಹುಟ್ಟಿದ್ದು ಅರ್ಧಂಬರ್ಧ ಕೊಯ್ದು ಬಿಟ್ಟ ಗಡ್ಡೆಗಳನ್ನು ನೋಡಿ. ಬೇರು ಉಳಿದ ಗಡ್ಡೆ ಬೆಳೆಯುತ್ತದೆ, ಜನ ಅದನ್ನು ಕತ್ತಿಯ ತಪ್ಪು ಎಂದುಕೊಳ್ಳುತ್ತಾರೆ. ಇಲ್ಲಿ ಅಪಾಯ ಇರುವುದು ತಡ ಮಾಡುವುದರಲ್ಲಿ. ಈ ಕ್ಯಾನ್ಸರ್ ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್), ಮುಂದೆ ಶ್ವಾಸಕೋಶ, ಯಕೃತ್ತಿಗೂ ಹೋಗಬಲ್ಲದು. ಕಣ್ಣಿನ ಗೂಡಿನೊಳಗೆ ಇಳಿದರೆ ಕಣ್ಣನ್ನೇ ತೆಗೆಯಬೇಕಾಗಬಹುದು. 8 ಮಿ.ಮೀ.ನಲ್ಲೇ ಸಿಕ್ಕಿರುವುದು ನಿಮ್ಮ ಪಾಲಿಗೆ ಒಳ್ಳೆಯದು. ಇದರಲ್ಲಿ ಕಣ್ಣುಗುಡ್ಡೆಯನ್ನು ಮುಟ್ಟುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ನಂದಿಬಟ್ಟಲು ಹೂವಿನ ರಸ, ಬಿಸಿ ಮಾಡಿದ ಉಂಗುರದ ಶಾಖ, ಗಂಧ ತೇಯ್ದು ಹಚ್ಚುವುದು ಇವೆಲ್ಲ ಇನ್ನು ಬೇಡ. ಆಪರೇಷನ್‌ಗೆ ಮೊದಲು ಕುತ್ತಿಗೆಯ ಅಲ್ಟ್ರಾಸೌಂಡ್, ವೈದ್ಯರು ಹೇಳಿದರೆ ಸಿ.ಟಿ. ಅಥವಾ ಪೆಟ್ ಸ್ಕ್ಯಾನ್ ಆಗಲಿ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ; ಅಪರೂಪಕ್ಕೆ ಅವಕ್ಕೂ ಈ ರೆಪ್ಪೆಯ ಕ್ಯಾನ್ಸರ್‌ಗೂ ವಂಶದ ನಂಟು ಇರುತ್ತದೆ.

ರೇಡಿಯೇಷನ್ ಒಂದೇ ಸಾಲದು. ಈ ಗಡ್ಡೆ ಕಿರಣಗಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಜೊತೆಗೆ ಕಣ್ಣು ಒಣಗುವುದು, ಪೊರೆ ಬರುವುದು ಇತ್ಯಾದಿ ತೊಂದರೆ ಕಾಣುವ ಕಣ್ಣಿಗೇ ಬರುತ್ತದೆ. ಆಪರೇಷನ್ ಸಾಧ್ಯವೇ ಇಲ್ಲದವರಿಗೆ, ಇಲ್ಲವೇ ಆಪರೇಷನ್ ಆದ ಮೇಲೆ ಬೆಂಬಲವಾಗಿ ಅದನ್ನು ಬಳಸುತ್ತಾರೆ. ಕಣ್ಣುದಾನದ ವಿಷಯ: ದಾನಿಯಿಂದ ರೆಪ್ಪೆಯನ್ನು ತೆಗೆಯುವುದೇ ಇಲ್ಲ. ಮುಖ್ಯವಾಗಿ ಬಳಸುವುದು ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ. ರೆಪ್ಪೆಯನ್ನು ರೋಗಿಯ ಮೈಯಿಂದಲೇ ಕಟ್ಟಬೇಕು.

ಈಗ ಕಟ್ಟುವ ಕೆಲಸಕ್ಕೆ ಬರೋಣ. ರೆಪ್ಪೆಗೆ ಎರಡು ಪದರ. ಹೊರಗೆ ಚರ್ಮ ಮತ್ತು ಕಣ್ಣು ಮುಚ್ಚುವ ತೆಳು ಸ್ನಾಯು. ಒಳಗೆ ಟಾರ್ಸಸ್ ಎಂಬ ಗಟ್ಟಿ ಪಟ್ಟಿ, ಅದಕ್ಕೆ ಅಂಟಿಕೊಂಡ ನುಣುಪಾದ ಒದ್ದೆ ಪೊರೆ. ಒಳಗಿನದು ನುಣುಪಾಗಿರದಿದ್ದರೆ ಪ್ರತಿ ಸಲ ಕಣ್ಣು ಮಿಟುಕಿಸುವಾಗಲೂ ಕಾರ್ನಿಯಾವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಗಟ್ಟಿ ಇಲ್ಲದಿದ್ದರೆ ರೆಪ್ಪೆ ಜೋತುಬೀಳುತ್ತದೆ. ಆದ್ದರಿಂದ ಎರಡೂ ಪದರಗಳನ್ನು ಬೇರೆ ಬೇರೆಯಾಗಿ ಒದಗಿಸಬೇಕು. ಇದರಲ್ಲಿ ಮೀರಲಾಗದ ಒಂದು ನಿಯಮವಿದೆ: ಎರಡರಲ್ಲಿ ಒಂದಾದರೂ ತನ್ನದೇ ರಕ್ತ ಸಂಚಾರ ಇಟ್ಟುಕೊಂಡು ಬರಬೇಕು. ಬೇರೆಡೆಯಿಂದ ಪೂರ್ತಿ ಕತ್ತರಿಸಿ ತಂದು ಕೂರಿಸಿದ ತುಂಡು ಗ್ರಾಫ್ಟ್. ಅದಕ್ಕೆ ಮೊದಲ ಕೆಲವು ದಿನ ಸ್ವಂತ ರಕ್ತವಿಲ್ಲ, ಪಕ್ಕದ ಪದರದಿಂದ ಹೀರಿಕೊಂಡೇ ಬದುಕಬೇಕು. ಬುಡ ಬಿಡಿಸದೆ ತಿರುಗಿಸಿ ತಂದದ್ದು ಫ್ಲಾಪ್. ಗ್ರಾಫ್ಟಿನ ಮೇಲೆ ಗ್ರಾಫ್ಟ್ ಇಟ್ಟರೆ ಎರಡೂ ಸಾಯುತ್ತವೆ.

ಕಣ್ಣು ಮುಚ್ಚಿಡುವ ಗುಟ್ಟು ಇಲ್ಲಿದೆ. ಮಾವಿಗೋ ಚಿಕ್ಕುವಿಗೋ ಕಸಿ ಕಟ್ಟುವಾಗ, ಒಂದು ಬಗೆಯಲ್ಲಿ ಕೊಂಬೆಯನ್ನು ತಾಯಿಮರದಿಂದ ಬಿಡಿಸದೆಯೇ ಪಕ್ಕದ ಸಸಿಗೆ ಕಟ್ಟಿ, ಎರಡೂ ಕೂಡಿಕೊಂಡ ಮೇಲೆ ತಾಯಿಯ ಕಡೆಯಿಂದ ಕತ್ತರಿಸುತ್ತಾರೆ. ನಿಮ್ಮ ವೈದ್ಯರು ಹೇಳಿದ್ದು ಬಹುತೇಕ ಅದೇ. ವೆಂಡೆಲ್ ಹ್ಯೂಸ್ ಎಂಬ ವೈದ್ಯರು 1937ರಲ್ಲಿ ವಿವರಿಸಿದ್ದರಿಂದ ಹ್ಯೂಸ್ ಫ್ಲಾಪ್ ಎಂಬ ಹೆಸರು. ಮೇಲಿನ ರೆಪ್ಪೆಯ ಟಾರ್ಸಸ್ ಸುಮಾರು 10 ಮಿ.ಮೀ. ಎತ್ತರ, ಕೆಳಗಿನದು 4 ಮಾತ್ರ. ಮೇಲಿನ ರೆಪ್ಪೆಯನ್ನು ಮಗುಚಿ, ಅದರ ಅಂಚಿನ ಕಡೆಯ 4 ಮಿ.ಮೀ. ಮುಟ್ಟದೆ ಬಿಟ್ಟು, ಅದರಾಚೆಯ ಟಾರ್ಸಸ್ಸನ್ನು ಒದ್ದೆ ಪೊರೆಯ ಸಮೇತ ಬಿಡಿಸಿ ಪರದೆಯ ಹಾಗೆ ಕೆಳಗೆ ಎಳೆದು, ಕೆಳರೆಪ್ಪೆಯ ಖಾಲಿ ಜಾಗದ ಎರಡೂ ತುದಿಗೆ ಹೊಲಿಯುತ್ತಾರೆ. ಮೇಲೆ ಚರ್ಮಕ್ಕೆ ಕೆನ್ನೆಯಿಂದ ಎಳೆದ ಫ್ಲಾಪ್, ಇಲ್ಲವೇ ಇನ್ನೊಂದು ಕಣ್ಣಿನ ಮೇಲ್ರೆಪ್ಪೆಯಿಂದ ಅಥವಾ ಕಿವಿಯ ಹಿಂದಿನಿಂದ ತಂದ ಗ್ರಾಫ್ಟ್. ಮೇಲಿನ 4 ಮಿ.ಮೀ. ಬಿಡದೆ ಆಸೆಪಟ್ಟು ಹೆಚ್ಚು ತೆಗೆದರೆ ಮೇಲ್ರೆಪ್ಪೆ ಬಲ ಕಳೆದುಕೊಂಡು ಸೊಟ್ಟಗಾಗುತ್ತದೆ. ಕಣ್ಣು ಮುಚ್ಚಿರುತ್ತದೆ ಎಂದರೆ ಎರಡು ರೆಪ್ಪೆಗಳನ್ನು ಸೇರಿಸಿ ಹೊಲಿದುಬಿಡುತ್ತಾರೆ ಎಂದಲ್ಲ. ಆ ಪರದೆಯೇ ಕಣ್ಣಿನ ಪಾಪೆಯನ್ನು ಮರೆಮಾಡುತ್ತದೆ, ಬದಿಗಳಲ್ಲಿ ಸಂದು ಇರುತ್ತದೆ, ಅಲ್ಲಿಂದ ಔಷಧಿ ಹಾಕಬಹುದು, ಬೆಳಕು ತಿಳಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರಕ್ಕೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪರದೆಯನ್ನು ಕತ್ತರಿಸಿ ಕಣ್ಣು ತೆರೆಯುತ್ತಾರೆ. ಅದಕ್ಕಿಂತ ಬೇಗ, ಎರಡು ಮೂರು ವಾರಕ್ಕೇ ಬಿಡಿಸುವ ಸರ್ಜನ್‌ಗಳೂ ಇದ್ದಾರೆ, ಕೇಳಿ ನೋಡಿ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಗಾಯ ಕೂಡುವುದು ನಿಧಾನ.

ಅರ್ಧಕ್ಕಿಂತ ಹೆಚ್ಚು ಹೋದ ಕೆಳರೆಪ್ಪೆಗೆ ಹ್ಯೂಸ್ ಫ್ಲಾಪ್‌ನಷ್ಟು ಸಹಜವಾದ ಅಂಚು, ಆಕಾರ ಕೊಡುವ ವಿಧಾನಗಳು ಕಡಿಮೆ. ಎರಡೂ ಕಣ್ಣು ಕಾಣುವವರಿಗಾದರೆ ಇದನ್ನೇ ಮೊದಲು ಹೇಳಬೇಕು. ಇದರ ತೊಂದರೆಗಳು: ಪರದೆ ಇರುವಾಗ ಉಜ್ಜಿದರೆ ಹರಿಯಬಹುದು, ಬಿಡಿಸಿದ ಮೇಲೆ ಮೇಲ್ರೆಪ್ಪೆ ಒಂದೆರಡು ಮಿಲಿಮೀಟರ್ ಮೇಲಕ್ಕೆ ಸರಿಯಬಹುದು, ಹೊಸ ಅಂಚು ಕೆಲವು ತಿಂಗಳು ಕೆಂಪಗಿರುತ್ತದೆ. ರೆಪ್ಪೆಗೂದಲು ಮರಳಿ ಬರುವುದಿಲ್ಲ. ಈ ಕೊನೆಯ ಮಾತು ಕೆಳಗೆ ಹೇಳುವ ಎಲ್ಲ ವಿಧಾನಕ್ಕೂ ಅನ್ವಯಿಸುತ್ತದೆ. ಕೆಳರೆಪ್ಪೆಯಲ್ಲಿ ಕೂದಲು ಇಲ್ಲದಿರುವುದು ಮಾತಾಡುವ ದೂರದಲ್ಲಿ ಎದ್ದು ಕಾಣುವುದಿಲ್ಲ.

ನಿಮ್ಮ ತಾಯಿಯವರಿಗೆ ಮೊದಲು ಎಡಗಣ್ಣು ಏಕೆ ಕಾಣುವುದಿಲ್ಲ ಎಂದು ಸರಿಯಾಗಿ ಪರೀಕ್ಷೆಯಾಗಲಿ. ಪೊರೆಯಾಗಿದ್ದರೆ ಅದನ್ನು ತೆಗೆದು ಆ ಕಣ್ಣನ್ನು ತಯಾರು ಮಾಡಬಹುದು, ಕನ್ನಡಕದ ನಂಬರ್ ಆಗಿದ್ದರೆ ಇನ್ನೂ ಸುಲಭ. ಅದರ ಹೆಸರಿನಲ್ಲಿ ಕ್ಯಾನ್ಸರ್ ಆಪರೇಷನ್ ಮಾತ್ರ ತಡವಾಗಬಾರದು. ಚಿಕ್ಕಂದಿನಿಂದಲೇ ದೃಷ್ಟಿ ಬೆಳೆಯದ ಕಣ್ಣಾಗಿದ್ದರೆ ಅಥವಾ ನರ ಹಾಳಾಗಿದ್ದರೆ, ಬಲಗಣ್ಣು ತೆರೆದೇ ಇರುವ ವಿಧಾನವನ್ನು ಸರ್ಜನ್ ಜೊತೆ ಕೂತು ಮಾತಾಡಿ. ಅಲ್ಲಿ ನನ್ನ ಒಲವು ಟಾರ್ಸಲ್ ಗ್ರಾಫ್ಟ್ ಕಡೆಗೆ. ಎಡಗಣ್ಣಿನ ಮೇಲ್ರೆಪ್ಪೆಯೊಳಗಿನಿಂದ ಟಾರ್ಸಸ್ಸಿನ ತುಂಡು ತಂದು ಒಳಪದರ ಮಾಡಿ, ಹೊರಗೆ ಅದೇ ಬಲಗಣ್ಣಿನ ಮೇಲ್ರೆಪ್ಪೆಯ ಸಡಿಲ ಚರ್ಮವನ್ನು ಸ್ನಾಯುವಿನ ಸಮೇತ ಬುಡ ಬಿಡಿಸದೆ ಕೆಳಗೆ ತಿರುಗಿಸುತ್ತಾರೆ. ಅರವತ್ತು ದಾಟಿದವರಲ್ಲಿ ಆ ಚರ್ಮ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಒಳಗಿನದು ಗ್ರಾಫ್ಟ್ ಆದ್ದರಿಂದ ಹೊರಗಿನದು ಫ್ಲಾಪ್ ಆಗಿರಲೇಬೇಕು, ಮೇಲೆ ಹೇಳಿದ ನಿಯಮ ನೆನಪಿಡಿ. ಒಂದೇ ಆಪರೇಷನ್, ಕಣ್ಣು ತೆರೆದಿರುತ್ತದೆ. ಇದರ ಅಪಾಯ ಗ್ರಾಫ್ಟ್ ಕುಗ್ಗುವುದು, ರೆಪ್ಪೆ ಕೆಳಗೆ ಜಗ್ಗುವುದು ಅಥವಾ ಹೊರಮುಖವಾಗಿ ಮಗುಚುವುದು. ಇದನ್ನು ತಡೆಯಲು ಕಣ್ಣಿನ ಹೊರತುದಿಯಲ್ಲಿ ಮೂಳೆಯ ಪೊರೆಗೆ ಬಿಗಿಯಾಗಿ ಆಧಾರ ಕೊಡಬೇಕು. ಕೆಳರೆಪ್ಪೆ ಕಟ್ಟುವಲ್ಲಿ ಬಹಳ ಕಡೆ ಎಡವುವುದು ಈ ಆಧಾರ ಸಡಿಲವಾಗಿ.

ಗಡ್ಡೆ ತೆಗೆದ ಮೇಲೆ ಖಾಲಿ ಜಾಗ ಅರ್ಧದ ಆಸುಪಾಸಿನಲ್ಲೇ ನಿಂತರೆ, ವಯಸ್ಸಿಗೆ ರೆಪ್ಪೆ ಸಡಿಲವಾಗಿದ್ದರೆ, ಟೆನ್ಝೆಲ್ ಫ್ಲಾಪ್ ಸಾಕಾಗಬಹುದು. ಕಣ್ಣಿನ ಹೊರತುದಿಯಿಂದ ಅರ್ಧಚಂದ್ರದ ಹಾಗೆ ಚರ್ಮ ಕೊಯ್ದು ಉಳಿದ ರೆಪ್ಪೆಯನ್ನು ಮೂಗಿನ ಕಡೆ ಸರಿಸುವುದು. ಇದರಲ್ಲೂ ಕಣ್ಣು ತೆರೆದಿರುತ್ತದೆ. ಕೆನ್ನೆಯ ಚರ್ಮವನ್ನೇ ದೊಡ್ಡದಾಗಿ ತಿರುಗಿಸುವ ಮುಸ್ಟಾರ್ಡೆ ಫ್ಲಾಪ್ ಇಡೀ ಕೆಳರೆಪ್ಪೆ ಹೋದವರಿಗೆ, ಗಾಯ ಕೆನ್ನೆಗೂ ಇಳಿದವರಿಗೆ ಸರಿ. ಒಳಗೆ ಅಂಗುಳಿನ ಪೊರೆ ಅಥವಾ ಕಿವಿಯ ಮೃದ್ವಸ್ಥಿ ಬೇಕಾಗುತ್ತದೆ, ಮುಖದ ನರಕ್ಕೆ ಪೆಟ್ಟಾಗುವ, ಫ್ಲಾಪಿನ ತುದಿ ಕಪ್ಪಾಗುವ ಅಪಾಯವಿದೆ. ಈಗಿನ ಲೆಕ್ಕಕ್ಕೆ ನಿಮಗೆ ಅದು ಬೇಕಾಗಲಿಕ್ಕಿಲ್ಲ. ಗಂಟು ಮೂಗಿನ ಬದಿಗಿದ್ದು ಕಣ್ಣೀರು ಇಳಿಯುವ ತೂತು ಸೇರಿ ಹೋದರೆ, ಮುಂದೆ ಕಣ್ಣಿನಿಂದ ನೀರು ಸುರಿಯುತ್ತಿರಬಹುದು. ಅದಕ್ಕೆ ಬೇರೆ ಆಪರೇಷನ್ ಇದೆ, ಆದರೆ ಕ್ಯಾನ್ಸರ್ ಮರಳಿಲ್ಲ ಎಂದು ಧೈರ್ಯ ಬಂದ ಮೇಲೆ ಮಾತ್ರ.

ಕೊಯ್ದ ಜಾಗದ ಅಂಚಿನಲ್ಲಿ ಗಡ್ಡೆ ಉಳಿದಿಲ್ಲ ಎಂದು ಖಚಿತಪಡಿಸುವ ವಿಷಯಕ್ಕೆ ಮತ್ತೆ ಬರುತ್ತೇನೆ. ಆಪರೇಷನ್ ನಡೆಯುತ್ತಿರುವಾಗಲೇ ಅಂಚಿನ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್‌ನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಮೇಲ್ಮೈಯಲ್ಲಿ ತೆಳ್ಳಗೆ ಹರಿದ ಕೋಶಗಳನ್ನು ಅದು ಕೆಲವೊಮ್ಮೆ ಗುರುತಿಸಲಾರದು. ಅನುಮಾನವಿದ್ದರೆ ಅಂದು ಗಡ್ಡೆ ಮಾತ್ರ ತೆಗೆದು, ಮುಲಾಮು ಮತ್ತು ಪಟ್ಟಿಯಿಂದ ಕಾರ್ನಿಯಾ ಒಣಗದಂತೆ ಕಾಪಾಡಿ, ಪಕ್ಕಾ ವರದಿ ಬಂದ ಮೇಲೆ ಕೆಲವು ದಿನ ಬಿಟ್ಟು ರೆಪ್ಪೆ ಕಟ್ಟುತ್ತಾರೆ. ಹಾಗೆ ಹೇಳಿದರೆ ಕೈಬಿಟ್ಟರು ಎಂದು ಹೆದರಬೇಡಿ, ಅದು ಎಚ್ಚರಿಕೆಯ ಕೆಲಸ. ಮಣಿಪಾಲದಲ್ಲಾಗಲಿ ಮಂಗಳೂರಿನಲ್ಲಾಗಲಿ, ಆಕ್ಯುಲೋಪ್ಲಾಸ್ಟಿ ಸರ್ಜನ್ (ರೆಪ್ಪೆಯ ಆಪರೇಷನ್‌ನಲ್ಲಿ ಪರಿಣತರು) ಮತ್ತು ಪೆಥಾಲಜಿ ವಿಭಾಗ ಒಂದೇ ಕಡೆ ಇರುವ ಆಸ್ಪತ್ರೆಯನ್ನೇ ಆರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದ ರೆಫರಲ್ ಪತ್ರ ಬೇಕೇ, ಎರಡನೇ ಹಂತದ ಆಪರೇಷನ್ ಕೂಡ ಸೇರುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ. ಬೀಡಿ ಕಾರ್ಮಿಕರ ಗುರುತಿನ ಚೀಟಿಯನ್ನೂ ಜೊತೆಗಿಡಿ, ಕಾರ್ಮಿಕ ಕಲ್ಯಾಣ ನಿಧಿಯ ನೆರವಿಗೆ ವಿಚಾರಿಸಬಹುದು.

ಸಕ್ಕರೆ ಹತೋಟಿಗೆ ತನ್ನಿ, ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಡಿ. ಬೇಕಾದರೆ ಕೆಲ ದಿನ ಇನ್ಸುಲಿನ್ ಕೊಟ್ಟು ಸರಿಮಾಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆದ ಮೊದಲ ಎರಡು ದಿನ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು. ಮೊದಲ 24 ಗಂಟೆಯಲ್ಲಿ ಪಟ್ಟಿಯೊಳಗೆ ತಡೆಯಲಾರದ ನೋವು ಏರುತ್ತಾ ಹೋದರೆ, ಕಣ್ಣು ಮುಂದಕ್ಕೆ ಉಬ್ಬಿದ ಹಾಗಾದರೆ, ಬೆಳಕೂ ತಿಳಿಯದಿದ್ದರೆ, ಕಣ್ಣಿನ ಹಿಂದೆ ರಕ್ತ ತುಂಬುತ್ತಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಒಂದೆರಡು ಗಂಟೆಯೊಳಗೆ ಒತ್ತಡ ಇಳಿಸದಿದ್ದರೆ ದೃಷ್ಟಿ ಹೋಗುತ್ತದೆ. ಕಾರ್ಕಳದಿಂದ ಆಸ್ಪತ್ರೆಗೆ ದಾರಿ ಸವೆಸಬೇಕಾದ್ದರಿಂದ ಮೊದಲ ರಾತ್ರಿ ಅಲ್ಲೇ ಉಳಿಯುವುದು ಕ್ಷೇಮ. ಚರ್ಮದ ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ, ರೆಪ್ಪೆಯ ಅಂಚಿನದನ್ನು ಇನ್ನೊಂದು ವಾರ ಬಿಡುವುದುಂಟು. ಗ್ರಾಫ್ಟ್ ಮೊದಲ ವಾರ ನೇರಳೆ ಬಣ್ಣಕ್ಕಿದ್ದರೆ ಗಾಬರಿ ಬೇಡ. ಒಣಗಿ ಕರ್ರಗಾದರೆ ತೋರಿಸಿ.

ಹ್ಯೂಸ್ ಫ್ಲಾಪೇ ಆಗುವುದಾದರೆ ಆ ಐದಾರು ವಾರ ಅಮ್ಮ ಒಬ್ಬರೇ ಬಾವಿಕಟ್ಟೆಗೆ, ತೋಡಿನ ಸಂಕದ ಮೇಲೆ, ಪಾಚಿ ಹಿಡಿದ ಅಂಗಳಕ್ಕೆ ಹೋಗದಂತೆ ನೋಡಿಕೊಳ್ಳಿ. ಮಳೆಗಾಲವಾದರೆ ಇನ್ನೂ ಜಾಗ್ರತೆ. ಒಲೆಯ ಹೊಗೆಯಿಂದ ದೂರವಿರಲಿ.

ಆಮೇಲಿನ ತಪಾಸಣೆ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಒಟ್ಟು ಕನಿಷ್ಠ ಐದು ವರ್ಷ. ಪ್ರತಿ ಸಲ ಮೇಲ್ರೆಪ್ಪೆಯನ್ನು ಮಗುಚಿ ಒಳಗೆ ನೋಡಬೇಕು, ಕಿವಿಯ ಮುಂದೆ ಮತ್ತು ದವಡೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಬೇಕು. ಮಾಡದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಬೀಡಿ ಕಟ್ಟುವುದಕ್ಕೆ ಅಡ್ಡಿಯಿಲ್ಲ. ಕಣ್ಣು ತೆರೆದಿರುವ ವಿಧಾನವಾದರೆ ಗಾಯ ಮಾಗಿದ ಮೇಲೆ, ಸುಮಾರು ಒಂದು ತಿಂಗಳಿಗೆ ಕೂರಬಹುದು. ಹ್ಯೂಸ್ ಆದರೆ ಎರಡನೇ ಆಪರೇಷನ್ ಆಗಿ ಎರಡು ವಾರ ಕಳೆಯಲಿ. ತಂಬಾಕಿನ ಪುಡಿ ಮೆತ್ತಿದ ಬೆರಳು ಹೊಸ ರೆಪ್ಪೆಗೆ ತಾಗಿದರೆ ಉರಿ, ಉಜ್ಜಿದರೆ ಅಂಚು ಕೀಳುತ್ತದೆ. ಸೂಪು (ಬೀಡಿ ಕಟ್ಟುವ ಮೊರ) ಮಡಿಲಿನಿಂದ ಇಳಿಸಿ ಸಾಬೂನಿನಲ್ಲಿ ಕೈ ತೊಳೆದ ಮೇಲೆಯೇ ಮುಖ ಮುಟ್ಟುವುದನ್ನು ಈಗಿನಿಂದಲೇ ರೂಢಿ ಮಾಡಿಸಿ, ಕಟ್ಟುವಾಗ ಬದಿ ಮುಚ್ಚಿದ ಸಾದಾ ಕನ್ನಡಕ ಹಾಕಿಕೊಳ್ಳಲಿ.